ಕಿವಿಯೊಳಗಿನ ಅಕ್ಕ

ಮಾರ್ಚ್ 4, ಭಾನುವಾರ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದ.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ, ಏಕೆಂದರೆ ನೀನು ಅಷ್ಟನ್ನು ಓದಿ ಉಳಿದದ್ದನ್ನು ಜೇಬಿಗೆ ತುರುಕುವ ಆಸಾಮಿ. ಉತ್ತರ ತಡವಾಯಿತು, ಸಿಟ್ಟು ಮಾಡಿಕೊಳ್ಳಬೇಡ. ನೆಗಡಿಯಾಗಿ ಗಂಟಲು ಕಟ್ಟಿಕೊಂಡಿತ್ತು. ಗಂಟಲು ಕಟ್ಟಿದರೆ ಬರೆಯುವ ಕೈಗೇನಾಗಿತ್ತು ಅಂತ ಕೇಳುತ್ತೀಯ, ಗೊತ್ತು. ಮಾತಾಡಲಾಗದೆ ಮೂಲೆಯಲ್ಲಿ ಕೂತ ನನ್ನನ್ನು ನೋಡಿ ನಿನ್ನ ಭಾವನ ಮುಖದಲ್ಲಿ ಎಂಥ ಕಳೆ ಬಂದಿತ್ತೆಂದರೆ, ಅದನ್ನು ನೋಡಿಯೇ ನನಗೆ ಯಾವ ಕೆಲಸಕ್ಕೂ ಮನಸ್ಸಾಗಲಿಲ್ಲ. ಅವರು ಎಂದಿನಂತೆ ಮುದುಕರ ಬಾಯಿಗೆ ಹಲ್ಲಿನ ಸೆಟ್ಟು ಮಾಡಿಕೊಡುತ್ತಾ ಸುಖವಾಗಿದ್ದಾರೆ. ಅಡುಗೆಮನೆಯ ಕಿಟಕಿಯ ಮೇಲೆ ಒಣಗಲು ಇಟ್ಟ ದವಡೆಗಳು ನನ್ನನ್ನು ನೋಡಿ ಹಲ್ಲು ಕಿರಿಯುತ್ತಿರುತ್ತವೆ. ಅಮ್ಮನಿಗೆ ಕಿವಿ ಇನ್ನೂ ಮಂದವಾಗಿದೆ, ಆದರೆ ತನಗೆ ಬೇಕಾದದ್ದು ಮಾತ್ರ ಗೋಡೆಯ ಆಚೆಯಿಂದಲೂ ಕೇಳಿಸುತ್ತದೆ.

ನಿನ್ನ ಪತ್ರವನ್ನು ಮನೆಯಲ್ಲಿ ಜೋರಾಗಿ ಓದಿದೆ. ನಿಮಗೆಲ್ಲ ಹೊಸ ಫೋನ್ ಕೊಟ್ಟದ್ದು, ಅದರಲ್ಲಿ ದಾರಿ ತೋರಿಸುವ ಆ್ಯಪ್ ಇರುವುದು, ನೀನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಕೂಡಲೇ ನಾನು "ಎಡಕ್ಕೆ ತಿರುಗಿ" ಅಂದದ್ದು, ನೀನು ಹಾವು ಮುಟ್ಟಿದವನಂತೆ ಅದನ್ನು ಕಿತ್ತೆಸೆದದ್ದು. ಭಾವ ನಕ್ಕು ನಕ್ಕು ಕೈಯಲ್ಲಿದ್ದ ದವಡೆಯನ್ನು ಬೀಳಿಸಿಕೊಂಡರು. "ಪಾಪ, ಯುದ್ಧಕ್ಕೆ ಹೋದ್ರೂ ಅಕ್ಕ ಬಿಡ್ಲಿಲ್ಲ" ಎಂದರು.

ನಿಜ ಹೇಳುತ್ತೇನೆ, ನನಗೂ ಗೊತ್ತಿರಲಿಲ್ಲ. ಊರಿನ ಅರ್ಧ ಲಿಫ್ಟುಗಳಲ್ಲಿ "ಬಾಗಿಲು ಮುಚ್ಚುತ್ತಿದೆ" ಅನ್ನುವವಳು ನಾನೇ ಎಂಬುದು ನಿನಗೆ ಗೊತ್ತು. ಬ್ಯಾಂಕಿಗೆ ಫೋನ್ ಮಾಡಿದರೆ "ದಯವಿಟ್ಟು ಕಾಯಿರಿ" ಅಂತ ನನ್ನನ್ನೇ ನಾನು ಕಾಯಿಸಿಕೊಳ್ಳುತ್ತೇನೆ. ಕಳೆದ ವರ್ಷ ಒಂದು ಕಂಪನಿಯವರು ಕರೆದು ದಾರಿ ಹೇಳುವ ವಾಕ್ಯಗಳನ್ನು ಓದಿಸಿಕೊಂಡಿದ್ದರು. ಎಡಕ್ಕೆ, ಬಲಕ್ಕೆ, ನೇರವಾಗಿ ಮುಂದುವರಿಯಿರಿ, ಇಂಥವು. ಮನೆಮನೆಗೆ ಪಾರ್ಸೆಲ್ ಕೊಡುವವರಿಗಿರಬೇಕು ಅಂದುಕೊಂಡಿದ್ದೆ. "ಮರೆಯಲ್ಲಿ ನಿಲ್ಲಿ" ಅನ್ನುವ ವಾಕ್ಯ ಬಂದಾಗ, ಪಾರ್ಸೆಲ್ ಕೊಡುವವನು ಯಾರಿಗೆ ಹೆದರಿ ಮರೆಯಲ್ಲಿ ನಿಲ್ಲಬೇಕು ಅಂತ ಒಂದು ಕ್ಷಣ ಅನ್ನಿಸಿತ್ತು. ಕೇಳಲಿಲ್ಲ. ಕೊಟ್ಟದ್ದನ್ನು ಓದುವುದು ನನ್ನ ಕೆಲಸ.

ನಿನ್ನ ಗೆಳೆಯನ ವಿಷಯ ಓದಿ ಅಮ್ಮನಿಗೆ ಬಹಳ ಇಷ್ಟವಾಯಿತು. ಆರಡಿ ಮೀರಿ ಬೆಳೆದು ಎಲ್ಲರಿಂದ ಕಂಬ ಅಂತ ಕರೆಸಿಕೊಳ್ಳುವ ಆ ಹುಡುಗ, ಆ್ಯಪ್ ಏನು ಹೇಳಿದರೂ "ಅಕ್ಕ ಹೇಳಿದ್ಮೇಲೆ ಮುಗೀತು" ಅಂತ ಹೊರಟುಬಿಡುತ್ತಾನಂತಲ್ಲ. "ನೋಡು, ಹೆತ್ತೋರು ಬೆಳೆಸಿರೋದು ಹಾಗೆ" ಎಂದರು ಅಮ್ಮ. ಅದು ನಿನಗೆ ಬಿದ್ದ ಏಟು. ನೀನೋ, "ನಮ್ಮಕ್ಕ ಹುಟ್ಟಿದಾಗಿನಿಂದ ಒಂದು ಸಲವೂ ನಂಗೊತ್ತಿಲ್ಲ ಅಂದವಳಲ್ಲ, ಗೊತ್ತಿಲ್ಲದಿದ್ರೂ ಗೊತ್ತಿರೋ ಹಾಗೇ ಹೇಳ್ತಾಳೆ" ಅಂತ ತುಕಡಿಗೆಲ್ಲ ಸಾರಿಬಿಟ್ಟಿದ್ದೀಯ. ಬಂದಾಗ ನೋಡಿಕೊಳ್ಳುತ್ತೇನೆ.

ಒಂದು ಮಾತು ಮಾತ್ರ. ನೀನು ಹೋದಾಗಿನಿಂದ ನನಗೆ ಎದೆಯ ಮೇಲೆ ಏನೋ ಕೂತಂತಿತ್ತು. ನಿನ್ನ ಕಿವಿಯಲ್ಲಿ ನಾನಿದ್ದೇನೆ ಎಂದು ತಿಳಿದ ಮೇಲೆ ಸ್ವಲ್ಪ ಉಸಿರಾಡುತ್ತಿದ್ದೇನೆ. ಹೊಟ್ಟೆಗೆ ಸರಿಯಾಗಿ ತಿನ್ನು. ಒದ್ದೆ ಕಾಲುಚೀಲದಲ್ಲಿ ಮಲಗಬೇಡ.

ನಿನ್ನ ಅಕ್ಕ

ತಾ.ಕ.: ಕಂಬನಿಗೆ ನನ್ನ ಆಶೀರ್ವಾದ ತಿಳಿಸು. ಒಬ್ಬನಾದರೂ ನನ್ನ ಮಾತು ಕೇಳುವ ತಮ್ಮ ಸಿಕ್ಕಿದ ಅಂತ ಹೇಳು.


ಮಾರ್ಚ್ 19, ಸೋಮವಾರ

ಪ್ರೀತಿಯ ತಮ್ಮಾ,

ಆಶೀರ್ವಾದ. ಕುಶಲ ಕೇಳುವ ಶಾಸ್ತ್ರ ಈ ಸಲ ಬೇಡ. ನಿನ್ನ ಪತ್ರ ಗುರುವಾರ ಬಂತು. ಜಾಗದ ಬಗ್ಗೆ ನೀನು ಬರೆದ ಸಾಲುಗಳಿಗೆ ಪತ್ರ ಪರಿಶೀಲಿಸುವವರು ಮಸಿ ಬಳಿದಿದ್ದಾರೆ. ಆದರೂ ಉಳಿದದ್ದರಲ್ಲಿ ನಡೆದದ್ದು ಅರ್ಥವಾಯಿತು. ನೀನದನ್ನು ತಮಾಷೆಯ ಹಾಗೆ ಬರೆದಿದ್ದೀಯ. ಭಾವನಿಗೂ ನಗು ಬರಲಿಲ್ಲ.

ಮಂಜು ಇಳಿದಿತ್ತು, ಮುಂದಿರುವವನ ಬೆನ್ನು ಕಾಣುತ್ತಿರಲಿಲ್ಲ. ದಿಬ್ಬದ ಬಳಿ ಬಲಕ್ಕೆ ತಿರುಗಬೇಕಿತ್ತು. ನಾನು ಕಿವಿಯಲ್ಲಿ "ನೇರವಾಗಿ ಮುಂದುವರಿಯಿರಿ" ಅನ್ನುತ್ತಲೇ ಇದ್ದೆ. ನಿನಗೆ ಅನುಮಾನ ಬಂದರೂ ಕಂಬ "ಅಕ್ಕ ಹೇಳ್ತಿದಾಳಲ್ಲ, ನಡಿ" ಅಂದ. ಮಂಜು ಒಂದಿಷ್ಟು ಸರಿದಾಗ ನೋಡಿದರೆ ನೀವು ನಿಂತಿದ್ದು ಆ ಕಡೆಯವರ ಕಾವಲು ಗುಡಿಸಲಿನ ಎದುರಿಗೆ. ಅಲ್ಲಿದ್ದವನು ಬೆನ್ನು ತಿರುಗಿಸಿಕೊಂಡು ಬೆಂಕಿ ಕಾಯಿಸಿಕೊಳ್ಳುತ್ತಿದ್ದ. ಉಸಿರು ಬಿಗಿಹಿಡಿದು, ಬಂದ ಹೆಜ್ಜೆ ಗುರುತಿನ ಮೇಲೇ ವಾಪಸು ಬಂದಿರಿ. ಕೊನೆಗೆ ನೀನು ಬರೆದಿರುವುದು: "ಅಕ್ಕಾ, ದಾರಿ ತಪ್ಪಿದೆ ಅಂತ ನೀನು ಒಪ್ಪಿಕೊಳ್ಳೋಳಲ್ಲ ಬಿಡು."

ಅವನು ತಿರುಗಿ ನೋಡಿದ್ದರೆ? ಈ ಒಂದು ಪ್ರಶ್ನೆ ನನ್ನನ್ನು ಬೆಳಗಿನಿಂದ ಸಂಜೆಯವರೆಗೆ ಹಿಂಡುತ್ತಿದೆ.

ಮಾರನೇ ದಿನವೇ ಆ ಕಂಪನಿಗೆ ಹೋದೆ. ಗಾಜಿನ ಬಾಗಿಲು, ಕೊರಳಿಗೆ ನೇತುಹಾಕುವ ಚೀಟಿ, ಯಾರನ್ನು ಕಾಣಬೇಕು ಅನ್ನುವ ವಿಚಾರಣೆ ಎಲ್ಲ ಮುಗಿಸಿ ಆ್ಯಪ್ ಬರೆದ ಪ್ರೋಗ್ರಾಮರ್ ಎದುರು ಕೂತೆ. ಅವಳಿ ಮಕ್ಕಳ ತಾಯಿ, ಮೇಜಿನ ತುಂಬ ಮಕ್ಕಳ ಬಣ್ಣದ ಚಿತ್ರಗಳು. ನನ್ನ ದನಿ ಕೇಳಿದ ಕೂಡಲೇ ಎದ್ದು ನಿಂತಳು. "ದಿನಾ ಕೇಳ್ತೀನಿ ಅಕ್ಕಾ ನಿಮ್ಮನ್ನ" ಎಂದಳು. ನೀನು ಬರೆದದ್ದನ್ನು ಹೇಳಿದೆ. ಅವಳ ಮುಖ ಇಳಿಯಿತು.

ಅವಳು ವಿವರಿಸಿದ್ದು ಇಷ್ಟು. ಫೋನಿಗೆ ತಾನೆಲ್ಲಿದ್ದೇನೆ ಎಂದು ತಿಳಿಯುವುದು ಆಕಾಶದಿಂದ ಉಪಗ್ರಹ ಕಳಿಸುವ ಸಂಕೇತದಿಂದ. ಆ ಕಡೆಯವರು ಅದನ್ನು ಯಂತ್ರ ಇಟ್ಟು ಕೆಡಿಸುತ್ತಾರೆ. ಸಂಕೇತ ಸಿಗದಾಗ ಆ್ಯಪ್ ಕೊನೆಗೆ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತದೆ. ಪರದೆಯ ಮೂಲೆಯಲ್ಲಿ ಒಂದು ಚುಕ್ಕಿ ಬೂದು ಬಣ್ಣಕ್ಕೆ ತಿರುಗುತ್ತದಂತೆ.

"ಚುಕ್ಕಿ ಯಾರು ನೋಡ್ತಾರೆ? ಅವರ ಫೋನ್ ಜೇಬಲ್ಲಿರತ್ತೆ. ಪರದೆ ಬೆಳಗಿದ್ರೆ ಗುಂಡು ಬೀಳತ್ತೆ ಅಂತ ನನ್ನ ತಮ್ಮ ಬರ್ದಿದಾನೆ" ಎಂದೆ.

"ಹೌದು. ಅದಕ್ಕೇ ದನಿ ಇಟ್ಟಿದ್ದು."

"ಹಾಗಿದ್ರೆ ದನೀಲೇ ಹೇಳ್ಸಿ. ಸಂಕೇತ ಇಲ್ಲ, ನಂಗೊತ್ತಾಗ್ತಿಲ್ಲ ಅಂತ."

ಅವಳು ಬೆರಳು ಹಿಸುಕಿಕೊಂಡಳು. "ಆ ವಾಕ್ಯ ನಿಮ್ ಕೈಲಿ ಓದಿಸ್ಲೇ ಇಲ್ಲ ಅಕ್ಕಾ. ಪಟ್ಟೀಲಿ ಇರ್ಲಿಲ್ಲ."

ನೆನಪು ಮಾಡಿಕೊಂಡೆ. ನೂರಾರು ವಾಕ್ಯ ಓದಿದ್ದೆ. ಬಾವಿ, ಹಳ್ಳ, ಸೇತುವೆ, ಏರು, ಇಳಿಜಾರು ಎಲ್ಲ ಇತ್ತು. ಗೊತ್ತಿಲ್ಲ ಅನ್ನುವುದು ಇರಲಿಲ್ಲ. ಒಂದೊಂದು ವಾಕ್ಯವನ್ನೂ ಒಂದೇ ಭರವಸೆಯಿಂದ ಓದಿ ಅಂತ ತಾಕೀತು ಮಾಡಿದ್ದರು. ನಾನೂ ಮೆರೆದುಕೊಂಡು ಓದಿದ್ದೆ.

ಅವಳೇ ನನ್ನನ್ನು ಯೋಜನೆಯ ಮುಖ್ಯಸ್ಥರ ಕೋಣೆಗೆ ಕರೆದುಕೊಂಡು ಹೋದಳು. ಸೇನೆಯಿಂದ ನಿವೃತ್ತರಾದ ಕರ್ನಲ್. ಒಳ್ಳೆಯವರೇ, ಕುರ್ಚಿ ಎಳೆದು ಕೊಟ್ಟರು, ಚಹಾ ತರಿಸಿದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ತಲೆ ಅಲ್ಲಾಡಿಸಿದರು.

"ನೋಡಿ ತಾಯಿ, ಅಲ್ಲಿ ನಿಂತೋನಿಗೆ ಬೇಕಾಗಿರೋದು ಧೈರ್ಯ. ಕಿವೀಲಿ ಯಾರೋ ಗೊತ್ತಿಲ್ಲ ಗೊತ್ತಿಲ್ಲ ಅಂತಿದ್ರೆ ಅವನು ಮುಂದೆ ಹೆಜ್ಜೆ ಇಡ್ತಾನಾ?"

"ಇಡಬಾರದು ಅಂತಾನೇ ನಾನು ಹೇಳ್ತಿರೋದು ಸಾರ್."

"ನಿಂತ್ರೆ ಸಾಯ್ತಾನೆ. ನಿಂತೋನು ಗುರಿಯಾಗ್ತಾನೆ. ಅದು ನಿಮಗೆ ಗೊತ್ತಿಲ್ಲ."

ನಾನು ಕಂಡ ಯುದ್ಧ ಎಂದರೆ ನಿನ್ನ ಮಸಿ ಬಳಿದ ಪತ್ರಗಳು. ಅವರು ಮೂವತ್ತು ವರ್ಷ ಅಲ್ಲೇ ಇದ್ದವರು. ಹೊರಗೆ ಬಂದು ಲಿಫ್ಟಿನಲ್ಲಿ ನಿಂತರೆ ನನ್ನದೇ ದನಿ, ಸ್ವಲ್ಪವೂ ನಡುಕವಿಲ್ಲದೆ, "ಬಾಗಿಲು ಮುಚ್ಚುತ್ತಿದೆ" ಎಂದಿತು. ಆ ಪೆಟ್ಟಿಗೆಗೆ ಒದೆಯಬೇಕು ಅನ್ನಿಸಿತು.

ಮಂಜಿನ ದಿನಗಳು ಮುಗಿಯುವ ಮೊದಲು ಇನ್ನೊಂದು ಸಲ ಅದೇ ದಾರಿಗೆ ಹೋಗಬೇಕಾಗಬಹುದು ಅಂತ ಬರೆದಿದ್ದೀಯ. ಕೇಳು ತಮ್ಮಾ. ಹುಟ್ಟಿದಾಗಿನಿಂದ ನನ್ನ ಮಾತು ಕೇಳು, ನನ್ನ ಮಾತು ಕೇಳು ಅಂತ ನಿನ್ನ ತಲೆ ತಿಂದಿದ್ದೇನೆ. ಈಗ ಕೈಮುಗಿದು ಕೇಳಿಕೊಳ್ಳುತ್ತೇನೆ, ಮಂಜಿನಲ್ಲಿ ನನ್ನ ಮಾತು ಕೇಳಬೇಡ. ನಾನು ನೇರ ಹೋಗು ಅಂತ ಒಂದೇ ಸಮನೆ ಹೇಳುತ್ತಿದ್ದರೆ ನನಗೆ ಏನೂ ಗೊತ್ತಿಲ್ಲ ಎಂದು ತಿಳಿ. ದಿಕ್ಸೂಚಿ ನೋಡು, ಕಾಲ ಕೆಳಗಿನ ನೆಲ ನೋಡು. ಕಂಬನಿಗೂ ಹೇಳು.

ನಾನು ಸುಮ್ಮನೆ ಕೂರುವವಳಲ್ಲ. ಮತ್ತೆ ಹೋಗುತ್ತೇನೆ.

ನಿನ್ನ ಅಕ್ಕ

ತಾ.ಕ.: ಅಮ್ಮನಿಗೆ ಕಾವಲು ಗುಡಿಸಲಿನ ವಿಷಯ ಓದಿ ಹೇಳಲಿಲ್ಲ. ಆದರೂ ಊಟದ ಹೊತ್ತಿಗೆ "ಅವನು ತಿರುಗಿ ನೋಡ್ಲಿಲ್ವಾ?" ಅಂತ ಕೇಳಿದರು. ಯಾವ ಬಾಗಿಲ ಹಿಂದೆ ನಿಂತಿದ್ದರೋ.


ಮಾರ್ಚ್ 29, ಗುರುವಾರ

ಪ್ರೀತಿಯ ತಮ್ಮಾ,

ಆಶೀರ್ವಾದ. ನಿನ್ನಿಂದ ಪತ್ರ ಬಂದಿಲ್ಲ. ಅಂಚೆಯವನು ಬೀದಿಯ ಆ ತುದಿಯಲ್ಲಿ ಕಂಡರೆ ಸಾಕು, ಅಮ್ಮ ಚಪ್ಪಲಿ ಹಾಕಿಕೊಳ್ಳುತ್ತಾರೆ. ಅವನು ನಮ್ಮ ಮನೆಯ ಮುಂದೆ ಬಂದಾಗ ಏನೋ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ ಹೋಗುತ್ತಾನೆ. ನೀನು ಇನ್ನೂ ಹೊರಟಿಲ್ಲ ಎಂದು ನಂಬಿಕೊಂಡು ಇದನ್ನು ಬರೆಯುತ್ತಿದ್ದೇನೆ, ಬೇಗ ಬೇಗ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ.

ಕರ್ನಲ್ ಬಳಿ ಎರಡನೇ ಸಲ ಹೋದಾಗ ಸ್ವಲ್ಪ ಜಗಳವೇ ಆಯಿತು. ಅವರಿಗೆ ಇನ್ನಷ್ಟು ವಾಕ್ಯಗಳನ್ನು ನನ್ನಿಂದ ಓದಿಸಬೇಕಿತ್ತು. ಈ ಒಂದು ವಾಕ್ಯ ಸೇರಿಸದಿದ್ದರೆ ನಾನು ಓದುವುದಿಲ್ಲ ಎಂದೆ. ಅವರು ಸಿಟ್ಟಾಗಲಿಲ್ಲ, ಅದೇ ನನ್ನನ್ನು ಹೆದರಿಸಿದ್ದು. "ತಾಯಿ, ನಿಮ್ಮ ದನಿ ಈಗಾಗಲೇ ನಮ್ಮ ಹತ್ರ ಇದೆ. ನೀವು ಬರದಿದ್ರೂ ಕಂಪ್ಯೂಟರು ನಿಮ್ಮ ಹಾಗೇ ಮಾತಾಡತ್ತೆ. ಆ ಕಡೆಯೋರೂ ಹೀಗೇ ನಮ್ಮೋರ ದನಿ ಕದ್ದು ರೇಡಿಯೋದಲ್ಲಿ ಸುಳ್ಳು ಆಜ್ಞೆ ಕೊಡ್ತಾರೆ. ಕಿವಿಗೆ ಹೊಸಾದು ಬಿದ್ರೆ ನಂಬಬೇಡಿ ಅಂತ ನಮ್ಮ ಹುಡುಗರಿಗೆ ನಾವೇ ಹೇಳಿಟ್ಟಿದೀವಿ" ಎಂದರು. ಸಮಿತಿಯ ಮುಂದೆ ಇಡುತ್ತೇನೆ, ಮುಂದಿನ ತಿಂಗಳು ನೋಡೋಣ ಎಂದು ಎದ್ದು ನಿಂತರು.

ಮುಂದಿನ ತಿಂಗಳು. ಮಂಜಿಗೆ ಯಾರಾದರೂ ಹೋಗಿ ಹೇಳಬೇಕು, ಸಮಿತಿ ಕೂರುವ ತನಕ ಇಳಿಯಬೇಡ ಅಂತ.

ಪ್ರೋಗ್ರಾಮರ್ ನನ್ನ ಹಿಂದೆಯೇ ಮೆಟ್ಟಿಲಿಳಿದು ಬಂದಳು. ಎಲ್ಲರೂ ಊಟಕ್ಕೆ ಹೋಗಿದ್ದರು. "ಬನ್ನಿ ಅಕ್ಕಾ, ಸ್ಟುಡಿಯೋ ಖಾಲಿ ಇದೆ" ಎಂದಳು. ನನಗೆ ಗೊತ್ತಿರುವ ಕೋಣೆ. ಗೋಡೆಗೆಲ್ಲ ಸ್ಪಂಜು, ಒಂದು ಲೋಟ ಉಗುರುಬೆಚ್ಚಗಿನ ನೀರು, ಸದ್ದು ಮಾಡದ ಕುರ್ಚಿ. ರೆಕಾರ್ಡ್ ಮಾಡುವ ಹಿರಿಯರು ಡಬ್ಬಿಯ ಊಟವನ್ನು ಅರ್ಧಕ್ಕೆ ಮುಚ್ಚಿಟ್ಟು ಕಿವಿಗೆ ಹೆಡ್‌ಫೋನ್ ಹಾಕಿಕೊಂಡರು. ಓದಬೇಕಾದದ್ದು ಎರಡೇ ತುಣುಕು: ನನಗೆ ಗೊತ್ತಿಲ್ಲ. ನಿಲ್ಲಿ.

ನಂಬುತ್ತೀಯಾ, ಬರಲಿಲ್ಲ. ಮೊದಲನೇ ಸಲ ಗದರಿದಂತಿತ್ತು. ಎರಡನೇ ಸಲ ಬ್ಯಾಂಕಿನ ಫೋನಿನ ಹಾಗಿತ್ತು. "ಮೇಡಂ, ಗೊತ್ತಿಲ್ಲ ಅನ್ನೋದನ್ನೂ ಮಾರಾಟ ಮಾಡ್ತಿದೀರಿ" ಎಂದರು ಹಿರಿಯರು. ಇಪ್ಪತ್ತು ವರ್ಷದಿಂದ ಗಂಟಲಿಗೆ ಭರವಸೆಯನ್ನು ಅಂಟಿಸಿಕೊಂಡು ಬದುಕಿದವಳು ನಾನು, ಅದು ಬಿಟ್ಟುಕೊಡುತ್ತದೆಯೇ. ಕೊನೆಗೆ ಹಾಳೆಯನ್ನು ಮಡಿಸಿಟ್ಟೆ. ಮಂಜಿನಲ್ಲಿ ನೀನು ನಿಂತಿದ್ದೀಯ, ನಾನು ನಿನ್ನ ಹೆಗಲ ಹಿಂದೆ ಇದ್ದೇನೆ, ನನಗೆ ನಿಜವಾಗಿಯೂ ಏನೂ ಕಾಣುತ್ತಿಲ್ಲ ಅಂದುಕೊಂಡೆ. ಆಗ ಬಂತು. ದನಿ ಸ್ವಲ್ಪ ಒಡೆದಿತ್ತು. ಇನ್ನೊಂದು ಸಲ ಓದಲೇ ಎಂದೆ. ಹಿರಿಯರು ಬೇಡವೆಂದು ಕೈಯಾಡಿಸಿದರು.

ಆಮೇಲೆ ಅವಳು ಹೇಳಿದಳು, "ಎಲ್ಲರ ಫೋನಿಗೆ ಕಳಿಸ್ಬೇಕಂದ್ರೆ ಸಮಿತಿ ಒಪ್ಪಿಗೆ ಬೇಕು. ಆದ್ರೆ ಪರೀಕ್ಷೆಗೆ ಅಂತ ನಾನೇ ಹಾಕ್ಬಹುದು, ಅದಕ್ಕೆ ಯಾರನ್ನೂ ಕೇಳ್ಬೇಕಾಗಿಲ್ಲ. ನಂಬರ್ ಹೇಳಿ ಅಕ್ಕಾ." ಬೆಳಗಿನ ಹಾಜರಿಯಲ್ಲಿ ಫೋನಿನ ನಂಬರನ್ನು ಕೈದಿಗಳ ಹಾಗೆ ಕೂಗಿಸುತ್ತಾರೆ ಅಂತ ನೀನು ಗೊಣಗಿ ಬರೆದಿದ್ದೆಯಲ್ಲ. ನಿನ್ನ ನಂಬರ್ ನನಗೆ ಬಾಯಿಪಾಠ. ಹೇಳಿದೆ. ಅವಳು ಅಲ್ಲೇ ಕೂತು ಹಾಕಿದಳು. ಕೆಳಗಿನ ಠಾಣೆಯಲ್ಲಿ ಫೋನನ್ನು ಚಾರ್ಜಿಗೆ ಸಿಕ್ಕಿಸಿದ ಕೂಡಲೇ ಅದು ತಾನಾಗಿ ಸೇರಿಕೊಳ್ಳುತ್ತದಂತೆ.

ಈಗ ಗಮನವಿಟ್ಟು ಓದು. ಸದ್ಯಕ್ಕೆ ಈ ವಾಕ್ಯ ಇರುವುದು ನಿನ್ನ ಫೋನಿನಲ್ಲಿ ಮಾತ್ರ. ನಾನು "ನನಗೆ ಗೊತ್ತಿಲ್ಲ, ನಿಲ್ಲಿ" ಅಂದರೆ ಅದು ನಾನೇ. ಬೇರೆ ಯಾರೂ ಅಲ್ಲ. ನೀನು ನಿಲ್ಲಬೇಕು, ನಿನ್ನ ಜೊತೆಯವರೆಲ್ಲ ನಿಲ್ಲಬೇಕು. ಅವರ ಕಿವಿಯಲ್ಲಿ ನಾನೇ ಮುಂದೆ ಹೋಗಿ ಅನ್ನುತ್ತಿದ್ದರೂ ನಿಲ್ಲಬೇಕು. ಇದನ್ನು ಎಲ್ಲರಿಗೂ ಮೊದಲೇ ಹೇಳಿಡು, ಅದರಲ್ಲೂ ಕಂಬನಿಗೆ.

ಈ ಪತ್ರ ಪರಿಶೀಲಿಸುವ ಮಹನೀಯರೇ, ನೀವು ಯಾರೋ ನನಗೆ ತಿಳಿಯದು. ನಿಮಗೂ ಅಕ್ಕ ತಂಗಿ ಇರಬಹುದು. ಮೇಲಿನ ಸಾಲುಗಳಿಗೆ ದಯವಿಟ್ಟು ಮಸಿ ಬಳಿಯಬೇಡಿ. ಉಳಿದ ಪತ್ರವನ್ನೆಲ್ಲ ಬೇಕಾದರೆ ಕಪ್ಪು ಮಾಡಿ.

ತಮ್ಮಾ, ಇದು ನಿನ್ನ ಕೈ ಸೇರಿದ ಕೂಡಲೇ ಒಂದೇ ಒಂದು ಸಾಲು ಬರೆ. ಬಂತು ಎಂದಷ್ಟೇ ಬರೆ.

ನಿನ್ನ ಅಕ್ಕ

ತಾ.ಕ.: ಅಂಚೆ ಕಚೇರಿಯ ಕಿಟಕಿ ಮುಚ್ಚುವ ಹೊತ್ತಾಯಿತು, ಭಾವ ಸೈಕಲ್ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಾರೆ.


ಏಪ್ರಿಲ್ 14, ಶನಿವಾರ

ನನ್ನ ತಮ್ಮನಿಗೆ,

ಆಸ್ಪತ್ರೆಯ ವಿಳಾಸ ಬರೆಯುವಾಗ ಕೈ ತಡೆಯಿತು, ಆದರೂ ಬರೆದೆ. ವಿಳಾಸ ಅಂತ ಒಂದು ಇದೆಯಲ್ಲ, ಅಲ್ಲಿ ನೀನು ಇದ್ದೀಯಲ್ಲ. ಅಮ್ಮ ಅಷ್ಟನ್ನೇ ದಿನವೆಲ್ಲ ಹೇಳಿಕೊಂಡು ಓಡಾಡುತ್ತಿದ್ದಾರೆ. ನಿನ್ನ ಕಾಲಿನ ಬಗ್ಗೆ ಡಾಕ್ಟರು ಹೇಳಿದ್ದನ್ನು ಭಾವ ಫೋನಿನಲ್ಲಿ ಕೇಳಿ ತಿಳಿದುಕೊಂಡರು. ಮಂಡಿ ಉಳಿದಿದೆ, ನಡೆಯುತ್ತಾನೆ, ಆದರೆ ತಿಂಗಳುಗಳು ಹಿಡಿಯುತ್ತವೆ ಎಂದರಂತೆ. ಬರೆಯಲು ಇಷ್ಟು ತಡ ಮಾಡಿದ್ದಕ್ಕೆ ಈ ಸಲ ಗಂಟಲಿನ ನೆಪ ಹೇಳುವುದಿಲ್ಲ. ಏನು ಬರೆಯಬೇಕೋ ತಿಳಿಯಲಿಲ್ಲ, ಕೂತೆ, ಎದ್ದೆ, ಮತ್ತೆ ಕೂತೆ.

ನಿಮ್ಮ ಕ್ಯಾಪ್ಟನ್ ಮನೆಗೆ ಬಂದಿದ್ದರು. ಕುರ್ಚಿಯ ತುದಿಯಲ್ಲಿ ಕೂತು, ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು, ಅಮ್ಮ ಕೊಟ್ಟ ನೀರನ್ನು ಒಂದೇ ಗುಟುಕಿಗೆ ಕುಡಿದರು. ಅಮ್ಮ ಅವರ ಎದುರಿಗೆ ಕೂತು ಬಾಯಿಯನ್ನೇ ನೋಡುತ್ತಿದ್ದರು. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೇ ನಿನಗೆ ಬರೆಯುವುದು ಯಾಕೆ ಎಂದರೆ, ನನಗೆ ಎಷ್ಟು ಗೊತ್ತು ಎಂಬುದು ನಿನಗೆ ತಿಳಿದಿರಲಿ.

ಮೊದಲ ಸಲದಂತೆಯೇ ಮಂಜು. ಕಂಬ ಮುಂದೆ, ಅವನ ಹಿಂದೆ ನೀನು, ನಿನ್ನ ಹಿಂದೆ ಉಳಿದವರು. ದಿಬ್ಬ ದಾಟುತ್ತಿದ್ದಂತೆ ಸಂಕೇತ ಕೆಟ್ಟಿತು. ನಿನ್ನ ಕಿವಿಯಲ್ಲಿ ನಾನು ನಿಲ್ಲಿ ಎಂದೆ. ನೀನು ನಿಂತೆ, ಕೈ ಎತ್ತಿದೆ. ಹಿಂದಿನವರು ನಿಂತರು. ಕಂಬ ತಿರುಗಿ ಪಿಸುದನಿಯಲ್ಲಿ ಏನೆಂದು ಕೇಳಿದ. "ಅಕ್ಕ ನಂಗೊತ್ತಿಲ್ಲ ಅಂತಿದಾಳೆ, ನಿಲ್ಲು" ಎಂದೆಯಂತೆ. ಅವನು ನಿನ್ನ ಇಯರ್‌ಫೋನನ್ನು ತನ್ನ ಕಿವಿಗೆ ಇಟ್ಟುಕೊಂಡು ಕೇಳಿದ. "ಇದು ಅಕ್ಕ ಅಲ್ಲ ಕಣೋ" ಎಂದ. "ಅಕ್ಕ ಯಾವತ್ತಾದ್ರೂ ಗೊತ್ತಿಲ್ಲ ಅಂದಿದಾಳಾ, ನೀನೇ ಹೇಳಿದ್ದಲ್ವಾ? ದನಿ ಬೇರೆ ಒಡೆದಿದೆ. ಅವರು ಕದ್ದು ಮಾಡಿರೋದು ಇದು. ನಮ್ಮನ್ನ ಇಲ್ಲೇ ನಿಲ್ಸಿ ಹೊಡೀತಾರೆ." ತನ್ನ ಕಿವಿಯನ್ನು ತೋರಿಸಿ, "ಅಕ್ಕ ಇಲ್ಲಿದಾಳೆ, ಮುಂದೆ ಹೋಗು ಅಂತಿದಾಳೆ. ನಾನು ನೋಡ್ಕೊಂಡು ಬರ್ತೀನಿ" ಎಂದು ಹೊರಟ.

ನೀನು ಅವನ ಬೆಲ್ಟು ಹಿಡಿದು ಎಳೆದೆಯಂತೆ. ಕೂಗುವ ಹಾಗಿರಲಿಲ್ಲ. ಅವನು ಬಿಡಿಸಿಕೊಂಡು ಹೋದ. ನೆಲಬಾಂಬು ಸಿಡಿದದ್ದು ಅಲ್ಲಿಂದ ಕೂಗಳತೆಯೂ ಇಲ್ಲದ ದೂರದಲ್ಲಿ. ಅವನನ್ನು ಎತ್ತಿಕೊಂಡು ಬರಲು ಓಡಿದ ನಿನ್ನ ಕಾಲ ಬಳಿ ಇನ್ನೊಂದು.

ನನ್ನ ಹಿಂದಿನ ಎರಡು ಪತ್ರಗಳೂ ಅದೇ ಹೊತ್ತಿನಲ್ಲಿ ಕೆಳಗಿನ ಠಾಣೆಯ ಚೀಲದಲ್ಲಿದ್ದವು ಎಂದರು ಕ್ಯಾಪ್ಟನ್. ಮಸಿ ಬಳಿದಿರಲಿಲ್ಲವಂತೆ. "ಒಂದು ದಿನ ಮುಂಚೆ ಹಂಚಿದ್ರೆ" ಅಂತ ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು. ಅಮ್ಮನಿಗೆ ಎಷ್ಟು ಕೇಳಿಸಿತೋ. "ಆ ಹುಡುಗನ ತಾಯಿಗೆ ಯಾರು ಹೇಳಿದ್ರು?" ಎಂದು ಕೇಳಿದರು. ತಾನೇ ಹೋಗಿ ಹೇಳಿದೆ ಎಂದರು ಕ್ಯಾಪ್ಟನ್.

ಕಂಬ ಹೋದ ಮರುದಿನವೇ ಸಮಿತಿ ಕೂತಿತು ನೋಡು. ಈಗ ಆ ವಾಕ್ಯ ಎಲ್ಲರ ಫೋನಿನಲ್ಲೂ ಇದೆ, ಅದನ್ನು ಎಲ್ಲ ತುಕಡಿಗಳಿಗೂ ಮೊದಲೇ ಕೇಳಿಸಿ ಪರಿಚಯ ಮಾಡಿಕೊಡುತ್ತಾರಂತೆ. ಕರ್ನಲ್ ಫೋನ್ ಮಾಡಿ, "ತಾಯಿ, ನೀವು ಹೇಳಿದ್ದೇ ಸರಿ. ನಿಮ್ಮ ವಾಕ್ಯ ಆ ತುಕಡಿ ಜೀವ ಉಳಿಸ್ತು" ಎಂದರು. ಫೋನನ್ನು ಭಾವನ ಕೈಗೆ ಕೊಟ್ಟು ಒಳಗೆ ಹೋದೆ. ಸರಿ ಅನ್ನಿಸಿಕೊಂಡು ನಾನು ಏನು ಮಾಡಲಿ. ಕಂಬ ನಂಬಿದ್ದೂ ನನ್ನನ್ನೇ. ನಿನ್ನಷ್ಟೇ, ನಿನಗಿಂತ ಹೆಚ್ಚಾಗಿ.

ಕೆಲಸಕ್ಕೆ ಹೋಗುತ್ತಿಲ್ಲ. ಬಾಯಿ ತೆರೆದರೆ ನನ್ನ ದನಿ ನನಗೇ ಪರಕೀಯವಾಗಿ ಕೇಳುತ್ತದೆ. ಭಾವ ಏನೂ ಕೇಳುವುದಿಲ್ಲ. ಮನೆ ಇಷ್ಟು ಸುಮ್ಮನಿರುವುದನ್ನು ಅವರು ಕನಸಿನಲ್ಲೂ ಬಯಸಿರಲಿಕ್ಕಿಲ್ಲ. ಮೊನ್ನೆ ಊಟಕ್ಕೆ ಕೂತಾಗ "ಒಂದು ಸಲ ಬೈಯೇ" ಎಂದರು.

ಚೆನ್ನಾಗಿ ಊಟ ಮಾಡು. ನರ್ಸ್ ಹೇಳಿದಂತೆ ಕಾಲನ್ನು ಎತ್ತರಕ್ಕೆ ಇಟ್ಟುಕೋ. ನಿದ್ದೆ ಬರದಿದ್ದರೆ ಬರಲಿಲ್ಲ ಅಂತ ಡಾಕ್ಟರಿಗೆ ಹೇಳು, ಗಂಡಸುತನ ತೋರಿಸಬೇಡ. ನೀನು ನೂರು ವರ್ಷ ಬಾಳಬೇಕು. ನನ್ನ ಆಯಸ್ಸಿನಲ್ಲಿ ಎಷ್ಟು ಬೇಕೋ ಅಷ್ಟು ನಿನಗೆ ಸೇರಲಿ.

ಅಕ್ಕ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಕಿತ್ತೆ. ಮೊನ್ನೆ ನಿನ್ನ ವಾರ್ಡಿಗೆ ಫೋನ್ ಮಾಡಿದ್ದೆ. "ತಮ್ಮಾ" ಅಂದೆ, ಅಷ್ಟೇ. ಏನೋ ಬಿದ್ದ ಸದ್ದಾಯಿತು, ಫೋನ್ ಕಟ್ ಆಯಿತು. ಸ್ವಲ್ಪ ಹೊತ್ತಿಗೆ ನರ್ಸ್ ಫೋನ್ ಮಾಡಿದಳು. "ಅಕ್ಕಾ, ಬೇಜಾರು ಮಾಡ್ಕೋಬೇಡಿ. ನಿಮ್ಮ ದನಿ ಕೇಳಿದ್ರೆ ಅವರಿಗೆ ಮೈಯೆಲ್ಲ ನಡುಗತ್ತೆ. ಸದ್ಯಕ್ಕೆ ಫೋನ್ ಬೇಡ, ಪತ್ರ ಬರೀರಿ. ನಿಮ್ಮನ್ನ ಒಂದು ಮಾತು ಕೇಳಿ ಅಂದ್ರು ನಿಮ್ಮ ತಮ್ಮ. ಕಂಬನ ಫೋನಿಗೆ ಯಾಕೆ ಹಾಕಿಸ್ಲಿಲ್ಲ ಅಂತ" ಎಂದಳು. ಪರೀಕ್ಷೆಗೆ ಒಂದೇ ಫೋನು, ಅದು ಅವರ ನಿಯಮ, ನಾನೇನು ಮಾಡಲಿ ಅಂತ ನಿನಗೆ ಬರೆಯಲು ಕೂತೆ. ಈ ದಿನಗಳಲ್ಲಿ ನಾನು ಅದನ್ನೇ ನಂಬಿಕೊಂಡು ಊಟ ಮಾಡಿದ್ದೇನೆ, ಮಲಗಿದ್ದೇನೆ. ಬರೆಯುವ ಮೊದಲು ಖಾತ್ರಿ ಮಾಡಿಕೊಳ್ಳೋಣ ಎಂದು ನಿನ್ನೆ ಪ್ರೋಗ್ರಾಮರ್ ಬಳಿ ಹೋಗಿ ಕೇಳಿದೆ. ಕಂಬನ ನಂಬರ್ ನಿನ್ನದರ ಮುಂದಿನದು, ಹಾಜರಿಯಲ್ಲಿ ನಿನ್ನ ಹಿಂದೆಯೇ ಅವನು ಕೂಗುತ್ತಾನೆ ಎಂದು ನೀನೇ ಬರೆದಿದ್ದೆ, ಅದೂ ನನಗೆ ಬಾಯಿಪಾಠವಿತ್ತು. ಅವಳು ನನ್ನ ಮುಖ ನೋಡದೆ ಮೆಲ್ಲಗೆ ಹೇಳಿದಳು, "ಹಾಗೇನೂ ನಿಯಮ ಇರ್ಲಿಲ್ಲ ಅಕ್ಕಾ. ಎಷ್ಟು ನಂಬರ್ ಹೇಳಿದ್ರೂ ಹಾಕ್ತಿದ್ದೆ. ನೀವು ಒಂದೇ ಹೇಳಿದ್ರಿ."